ಹೆಸರಿಟ್ಟು ಕರೆದ ಬೆಳಿಗ್ಗೆ

ಕೋರಮಂಡಲ್ ಸ್ಟೇಷನ್ ದಾಟಿ ಸ್ವಲ್ಪ ದೂರ ಬಂದ ರೈಲು ಬಯಲಿನ ನಡುವೆ ನಿಂತುಬಿಟ್ಟಿತು. ಆದಿಲಕ್ಷ್ಮಮ್ಮನ ಎದೆ ಹೊಡೆದುಕೊಳ್ಳತೊಡಗಿದ್ದು ಆಗಲೇ. ಅಂಗೈ ಬೆವೆತಿತು. ಬೆರಳು ತಾನಾಗಿ ಸೆರಗಿನ ತುದಿಯ ಸಕ್ಕರೆ ಗಂಟಿಗೆ ಹೋಯಿತು. ತಟ್ಟನೆ ಹಿಂದಕ್ಕೆ ಎಳೆದುಕೊಂಡಳು. ಬಂಗಾರಪೇಟೆ ಬರುವ ತನಕ ಈ ಗಂಟು ಬಿಚ್ಚುವುದಿಲ್ಲವೆಂದು ಬೆಳಿಗ್ಗೆ ದೇವರ ಮುಂದೆ ಹೇಳಿಕೊಂಡು ಬಂದಿದ್ದಳು.

ಆರು ತಿಂಗಳ ಹಿಂದೆ, ಇನ್ಸುಲಿನ್ ಶುರುವಾದ ಹೊಸದರಲ್ಲಿ, ಸಕ್ಕರೆ ಇಳಿದು ಬೀದಿ ನಲ್ಲಿಯ ಹತ್ತಿರ ಬಿದ್ದುಬಿಟ್ಟಿದ್ದಳು. ಅಂದಿನಿಂದ ಎದೆ ಒಂದಿಷ್ಟು ಜೋರಾಗಿ ಬಡಿದರೂ ಸಾಕು, ಮತ್ತೆ ಅದೇ ಬಂತೆಂದು ಹೆದರಿ ಸಕ್ಕರೆ ಮುಕ್ಕುವಳು. ದಿನಕ್ಕೆ ಎಂಟು ಸಲ, ಹತ್ತು ಸಲ. ಮೂತ್ರಕ್ಕೆ ನೀಲಿ ದ್ರಾವಣ ಸೇರಿಸಿ ಕಾಯಿಸಿದರೆ ಪ್ರತಿ ಸಲವೂ ಇಟ್ಟಿಗೆಯ ಕೆಂಪು, ಅಂದರೆ ಸಕ್ಕರೆ ಮಿತಿಮೀರಿದೆ. "ಸಕ್ಕರೆ ಇಳಿದರೂ ನಡುಕ, ಭಯಕ್ಕೂ ನಡುಕ, ಎರಡೂ ಒಂದೇ ಥರ ಇರ್ತವಮ್ಮಾ. ಅನುಮಾನ ಬಂದರೆ ಒಂದು ಚಮಚ ತಿಂದು ಕಾಲು ಗಂಟೆ ಕಾಯಿರಿ. ಮುಷ್ಟಿಗಟ್ಟಲೆ ಬೇಡ," ಎಂದಿದ್ದರು ಡಾಕ್ಟರು. ಅವಳ ಕಿವಿಯಲ್ಲಿ ಉಳಿದದ್ದು ಬೇಡ ಎಂಬ ಕೊನೆಯ ಮಾತೊಂದೇ.

"ಏನಾಯ್ತು?" ಎದುರು ಸೀಟಿನಲ್ಲಿದ್ದ ಗಂಡ ಕೋದಂಡಪ್ಪ ಕೇಳಿದ. ತಮ್ಮನ ಮಗುವಿನ ನಾಮಕರಣಕ್ಕೆಂದು, ಫ್ಯಾಕ್ಟರಿಗೆ ರಜೆ ಹಾಕಿ, ಹೇಗೋ ಒಪ್ಪಿಸಿ ಅವಳನ್ನು ಹೊರಡಿಸಿದ್ದ. ಆರು ತಿಂಗಳಲ್ಲಿ ಅವಳು ಊರು ಬಿಟ್ಟದ್ದು ಇದೇ ಮೊದಲು.

"ಏನಿಲ್ಲ. ಬರೀ ಭಯ. ಬಂದಂಗೇ ಓಗ್ತದೆ."

ಆರು ಗಂಟೆಗೆ ಇಂಜೆಕ್ಷನ್ ತೆಗೆದುಕೊಂಡು, ರೈಲು ತಪ್ಪೀತೆಂದು ಒಂದೇ ಇಡ್ಲಿ ತಿಂದು ಓಡಿ ಬಂದದ್ದು ಅವಳಿಗೆ ನೆನಪಾಗಲಿಲ್ಲ. ಅವನಿಗೂ ಆಗಲಿಲ್ಲ.

ಅರ್ಧ ಗಂಟೆಯಾದರೂ ರೈಲು ಕದಲಲಿಲ್ಲ. ಎದೆಬಡಿತ ತಾನಾಗಿ ತಗ್ಗಿತು. ಗೆದ್ದೆ ಎಂದುಕೊಂಡಳು. ಕಿಟಕಿಯಾಚೆ ದೂರದಲ್ಲಿ ಸೈನೇಡ್ ಗುಡ್ಡಗಳು, ಗಣಿಯವರು ಚಿನ್ನ ತೆಗೆದು ಸುರಿದ ಮಣ್ಣಿನ ರಾಶಿಗಳು, ಬಿಸಿಲಿಗೆ ಬೆಳ್ಳಗೆ ಹೊಳೆಯುತ್ತಿದ್ದವು. ನೋಡುತ್ತಿದ್ದಂತೆ ಅವು ಬೆಣ್ಣೆಯ ಹಾಗೆ ಮೆತ್ತಗಾದವು. ಅಂಚುಗಳು ಕರಗಿ ಬಯಲಿಗೆ ಇಳಿದವು. ರಾಗಿ ಹೊಲದ ಹಸಿರು ಎದ್ದುಬಂದು ಕಿಟಕಿಯ ಸರಳುಗಳಿಗೆ ಸುತ್ತಿಕೊಂಡಿತು. ಬೋಗಿಯವರ ಮಾತು ನೀರಿನಡಿಯಿಂದ ಬಂದ ಹಾಗೆ ಕೇಳಿಸುತ್ತಿತ್ತು. ಕನ್ನಡವೋ ತಮಿಳೋ ತೆಲುಗೋ ತಿಳಿಯದು, ಎಲ್ಲರೂ ತನ್ನ ಬಗ್ಗೆಯೇ ಅಕ್ಕರೆಯಿಂದ ಆಡುತ್ತಿದ್ದಾರೆ ಅನಿಸಿತು. ಎದುರಿಗೆ ಗಂಡ ಇಪ್ಪತ್ತರ ಪ್ರಾಯದವನಾಗಿ ಕೂತಿದ್ದ, ಕ್ಯಾಸಂಬಳ್ಳಿಗೆ ಹೆಣ್ಣು ನೋಡಲು ಬಂದಾಗ ಉಟ್ಟಿದ್ದ ಗರಿಗರಿ ಬಿಳಿ ಪಂಚೆಯಲ್ಲಿ. ಯಾಕಿಷ್ಟು ದೂರ ಕೂತಿದ್ದಾನೆ ಇವನು?

"ಕೋದಂಡಾ," ಅಂದಳು. "ಇಲ್ಲಿ ಬಾರೋ. ನನ್ನ ಪಕ್ಕ ಕೂತ್ಕೋ ಬಾ."

ಯಾರೋ ಕಿಸಕ್ಕನೆ ನಕ್ಕರು. ಮದುವೆಯಾಗಿ ಇಪ್ಪತ್ತೆರಡು ವರ್ಷ, ಒಮ್ಮೆಯೂ ಗಂಡನ ಹೆಸರೆತ್ತಿದವಳಲ್ಲ. ಕೋದಂಡಪ್ಪ ಎದ್ದುಬಂದದ್ದು, ಸೆರಗಿನ ಗಂಟು ಬಿಚ್ಚಲಾಗದೆ ಹಲ್ಲಿನಿಂದ ಕಚ್ಚಿ ಎಳೆದದ್ದು ಅವಳಿಗೆ ಚೂರುಚೂರಾಗಿ ಕಂಡಿತು. ಪಕ್ಕದಲ್ಲಿದ್ದ ಪೆರುಮಾಳ್ ಎಂಬ ಮುದುಕ, ಗಣಿಯಲ್ಲಿ ದುಡಿದು ನಿವೃತ್ತನಾದವನು, ಅವಳ ತಲೆಗೆ ತನ್ನ ಭುಜ ಕೊಟ್ಟ. "ಕೆನ್ನೆ ಒಳಗಡೆ ವೈಯಪ್ಪಾ, ಸಕ್ಕರೆ ಇಡು. ನಿಧಾನ. ಇನ್ನೂ ನುಂಗ್ತಾವ್ರೆ, ಭಯ ಬೇಡ," ಅನ್ನುತ್ತಿದ್ದ.

ಬಾಯಲ್ಲಿ ಸಿಹಿ ಕರಗಿತು. ಎಷ್ಟೋ ಹೊತ್ತಿನ ಮೇಲೆ ಗುಡ್ಡಗಳು ಒಂದೊಂದಾಗಿ ಹಿಂದಕ್ಕೆ ಸರಿದು ತಮ್ಮ ತಮ್ಮ ಜಾಗದಲ್ಲಿ ಗಟ್ಟಿಯಾಗಿ ನಿಂತವು. ರೈಲು ಹೊರಟಿತು.

ಬಂಗಾರಪೇಟೆಯ ಪ್ಲಾಟ್‌ಫಾರಂನಲ್ಲಿ ಇಬ್ಬರೂ ಕಲ್ಲುಬೆಂಚಿನ ಮೇಲೆ ಕೂತರು. ಅವನು ತಂದುಕೊಟ್ಟ ಬನ್ನನ್ನು ಅವಳು ತಿಂದು ಮುಗಿಸಿದಳು.

"ನಾನೇನಾದ್ರೂ ಅಂದ್ನಾ?"

"ಕೋದಂಡಾ ಅಂದೆ. ಬಾರೋ ಅಂತಾನೂ ಅಂದೆ."

"ಎಲ್ರ ಮುಂದೇನಾ?" ಸೆರಗಿನಿಂದ ಮುಖ ಮುಚ್ಚಿಕೊಂಡಳು. ಆಮೇಲೆ ಸೆರಗಿನೊಳಗಿಂದಲೇ, "ಆರು ತಿಂಗ್ಳಿಂದ ಅದಕ್ಕೇ ಎದ್ರಿ ಎದ್ರಿ ಸಾಯ್ತಿದ್ದೆ. ನಿಜವಾಗ್ಲೂ ಬಂದಾಗ ನಂಗೆ ಭಯಾನೇ ಇರ್ಲಿಲ್ಲ ಕಣ್ರೀ. ಎಷ್ಟು ಚೆಂದ ಇತ್ತು ಅಂತೀರ," ಅಂದಳು.

"ನಿಂಗಿರ್ಲಿಲ್ಲ," ಅಂದ ಕೋದಂಡಪ್ಪ, ಹಳಿಗಳ ಕಡೆ ನೋಡುತ್ತ.

ಅವಳು ಸೆರಗು ತೆಗೆದಳು. "ಇನ್ಮೇಲೆ ಎದೆ ಒಡ್ಕೊಂಡ್ರೆ ಬಚ್ಚಿಡಲ್ಲ, ನಿಮ್ಗೇಳ್ತೀನಿ. ಒಂದು ಚಮಚ ತಿಂತೀನಿ. ನೀವು ವಾಚು ನೋಡ್ಕೊಂಡು ಪಕ್ಕದಲ್ಲಿ ಕೂತ್ಕೊಳ್ಳಿ. ಕಾಯೋದು ಒಬ್ಳ ಕೈಲಿ ಆಗಲ್ಲ."

"ಡ್ಯೂಟೀಲಿದ್ರೆ?"

"ಪಕ್ಕದ್ಮನೆ ಅಶ್ವತ್ಥಮ್ಮನ್ನ ಕರೀತೀನಿ. ಲೋಕ ಎಲ್ಲಾ ಚೆಂದ ಕಾಣ್ತದೆ ಅಂತ ನಾನೇನಾದ್ರೂ ಅಂದ್ರೆ ಮಾತ್ರ ನನ್ ಮಾತು ಕೇಳ್ಬೇಡಿ, ಮೊದ್ಲು ಸಕ್ಕರೆ ಬಾಯಿಗಾಕಿ."

ಅವನು ಹೂಂಗುಟ್ಟಿ, ಜೇಬಿನಿಂದ ಬೀಡಿ ತೆಗೆದು ತುಟಿಗಿಟ್ಟು ಕಡ್ಡಿ ಗೀರಿದ. ಕಡ್ಡಿ ಮುರಿಯಿತು. ಇನ್ನೊಂದು ಹೊತ್ತಿದರೂ ಬೀಡಿಯ ತುದಿಗೆ ತಲುಪಲಿಲ್ಲ, ಅತ್ತಿತ್ತ ಅಲ್ಲಾಡಿ ಆರಿತು. ಮೂರನೆಯದೂ ಹಾಗೆಯೇ ಆಯಿತು. ಗಾಳಿ ಒಂದಿಷ್ಟೂ ಇರಲಿಲ್ಲ.

ಆದಿಲಕ್ಷ್ಮಮ್ಮ ಅವನ ಕೈಯಿಂದ ಬೆಂಕಿಪೊಟ್ಟಣ ತೆಗೆದುಕೊಂಡಳು. ಓಡಾಡುವ ಜನ ನೋಡುತ್ತಿದ್ದಂತೆಯೇ ಕಡ್ಡಿ ಗೀರಿ, ಅಂಗೈ ಮರೆಮಾಡಿ, ಗಂಡನ ಬೀಡಿಗೆ ಹಿಡಿದಳು.