ಹೆದರಿದ ಬೆರಳು

ಹೆದರಿದ ಬೆರಳಿಗೆ ಆ ಗಾರ್ಮೆಂಟ್ಸಿನ ಟ್ಯಾಬ್ಲೆಟ್‌ಗಳು ತೆರೆದುಕೊಳ್ಳುತ್ತಿರಲಿಲ್ಲ. ಕಳ್ಳರು ಕತ್ತಿ ತೋರಿಸಿ ಕೆಲಸದವರಿಂದ ಬೀಗ ತೆಗೆಸಬಾರದೆಂದು ಮಾಲೀಕರೇ ಹಾಗೆ ಮಾಡಿಸಿದ್ದರು. ಮದ್ದೂರಿನ ಹೆಂಗಸರು ಅದಕ್ಕೂ ಒಗ್ಗಿಹೋಗಿದ್ದರು. ಗೇಟಿನ ಬಳಿ ಎಲೆಅಡಿಕೆ ಉಗಿದು, ಒಂದಿಷ್ಟು ನಕ್ಕು, ಮನಸ್ಸು ಹಗುರ ಮಾಡಿಕೊಂಡೇ ಒಳಗೆ ಬರುತ್ತಿದ್ದರು.

ಇವತ್ತು ಚಿಕ್ಕತಾಯಮ್ಮನ ಟ್ಯಾಬ್ಲೆಟ್ ತೆರೆಯಲಿಲ್ಲ. ಅದು ತೆರೆಯದೆ ಹೊಲಿದ ಅಂಗಿಗಳ ತಪಾಸಣೆ ಶುರುವಾಗುವಂತಿರಲಿಲ್ಲ. ಸೂಪರ್‌ವೈಸರ್ ನಂಜೇಶ ಬೆಳಗಿನಿಂದ ಅವಳ ಬೆನ್ನ ಹಿಂದೆಯೇ ನಿಂತಿದ್ದ.

"ಏನಮ್ಮಿ, ಬೆರಳಿಗೆ ಲಕ್ವ ಹೊಡ್ದದಾ? ಬೆಲ್ಲು ಹೊಡಿಯೋದ್ರೊಳಗೆ ತೆಗೀದಿದ್ರೆ ನಿನ್ನ ಹೆಸ್ರು ಹೊಡ್ದಾಕ್ತೀನಿ. ಆ ಕುಂಟ ಗಂಡಂಗೆ ಗಂಜಿ ಕಾಯಿಸ್ಕಂಡು ಮನೇಲಿ ಬಿದ್ದಿರು."

"ನೀವು ಅತ್ಲಾಗೋದ್ರೆ ಅದೇ ತೆಗೀತದೆ ಸಾರ್," ಎಂದಳು ಪಕ್ಕದ ಮೇಜಿನ ಸಾಕಮ್ಮ.

"ನಿನ್ನ ಕೇಳಿದ್ನಾ?"

ಗಂಡನನ್ನು ಕುಂಟ ಅಂದದ್ದು ಕಿವಿಗೆ ಬಿದ್ದದ್ದೇ ಚಿಕ್ಕತಾಯಮ್ಮನ ಹೆದರಿಕೆಯೆಲ್ಲ ಸಿಟ್ಟಾಗಿ ತಿರುಗಿತು. ನಂಜೇಶನ ಮುಖವನ್ನೇ ದುರುಗುಟ್ಟಿ ನೋಡುತ್ತ ಬೆರಳು ಒತ್ತಿದಳು. ಪರದೆ ಬೆಳಗಿತು.

ಸಾಲಿನುದ್ದಕ್ಕೂ ಹೊಲಿಗೆ ಯಂತ್ರಗಳ ಸದ್ದು ಅಡಗಿತು. ಹೆಂಗಸರೆಲ್ಲ ನಂಜೇಶನ ಕಡೆ ತಿರುಗಿ ಕುಳಿತರು.

"ತೆಗೀತಲ್ಲ ಸಾರ್. ಈಗ ನನ್ನ ಹೆಸ್ರು ಹೊಡ್ದಾಕಿ, ನೋಡಾನ," ಎಂದಳು ಚಿಕ್ಕತಾಯಮ್ಮ.

ಹೆಸರು ತೆಗೆಯಬೇಕಾದರೆ ನಂಜೇಶನೂ ತನ್ನ ಟ್ಯಾಬ್ಲೆಟ್ ತೆರೆಯಬೇಕಿತ್ತು. ಅವನು ಬೆರಳು ಒತ್ತಿದ. ಪ್ಯಾಂಟಿಗೆ ಒರೆಸಿಕೊಂಡು ಮತ್ತೊಮ್ಮೆ ಒತ್ತಿದ.

ಪರದೆ ಕಪ್ಪಗೇ ಇತ್ತು.