ಕೆಲಸದವರಿಗೆ ಮಾತ್ರ

"ಮುಚ್ಚಳ ತೆಗೆದಿದ್ದು ಸಾಕು, ಮುಚ್ಚಮ್ಮ. ನಾತ ಮೇಲಿನ ತನಕ ಬರ್ತಿದೆ."

ವೆಂಕಟರಾಮಯ್ಯ ಶಲ್ಯದ ತುದಿಯನ್ನು ಮೂಗಿಗೆ ಒತ್ತಿಕೊಂಡು ಮೆಟ್ಟಿಲ ಮೇಲೆ ನಿಂತಿದ್ದರು. ಕೆಳಗೆ ಯಶೋಧರಾ ಕೈಗವಸು ತೊಟ್ಟು, ಗಾಯಕ್ಕೆ ಕಟ್ಟುವ ಗಾಜ್ ಬಟ್ಟೆಯ ಉಂಡೆಯೊಂದನ್ನು ದಾರಕ್ಕೆ ಕಟ್ಟಿ ಚರಂಡಿಯ ಚೇಂಬರಿನೊಳಗೆ ಇಳಿಬಿಡುತ್ತಿದ್ದಳು. ಹರಿಯುವ ಕೊಳಚೆಯಲ್ಲಿ ಅದು ಒಂದೆರಡು ದಿನ ನೆನೆಯಬೇಕು. ಟೈಫಾಯ್ಡಿನ ರೋಗಾಣು ಇದ್ದರೆ ಬಟ್ಟೆಗೆ ಅಂಟಿಕೊಳ್ಳುತ್ತದೆ. ಕಟ್ಟಡದಿಂದ ಇಳಿದ ಒಂದೊಂದು ಪೈಪಿಗೂ ಒಂದೊಂದು ಉಂಡೆ.

"ಚರಂಡಿಗೂ ಜನಿವಾರ ಹಾಕೋ ಕಾಲ ಬಂತು ನೋಡಿ," ಎಂದು ಅವರು ನಕ್ಕರು. ನಕ್ಕಾಗ ಅವರ ಜನಿವಾರಕ್ಕೆ ಗಂಟು ಹಾಕಿದ್ದ ಬೀಗದಕೈ ಹೊಟ್ಟೆಯ ಮೇಲೆ ಕುಣಿಯಿತು.

ಹಾಸನದ ಆ ಅಪಾರ್ಟ್‌ಮೆಂಟಿನಲ್ಲಿ ಯುಗಾದಿಯಿಂದೀಚೆಗೆ ಜ್ವರ ಮನೆಯಿಂದ ಮನೆಗೆ ಹತ್ತುತ್ತಿತ್ತು. ಸಂಘದ ಕಾರ್ಯದರ್ಶಿ ರುದ್ರೇಶ ಮಲಗಿ ಎದ್ದಿದ್ದ. ಈಗ ವೆಂಕಟರಾಮಯ್ಯನವರ ಮೊಮ್ಮಗಳು ಅನ್ವಿತಾ ಆಸ್ಪತ್ರೆ ಸೇರಿದ್ದಳು. ಕಾರಣ ಯಾರೆಂದು ಅಧ್ಯಕ್ಷರಾದ ಅವರಿಗೆ ಯಾವ ಪರೀಕ್ಷೆಯೂ ಇಲ್ಲದೆ ಗೊತ್ತಿತ್ತು. ಗುಡಿಸಿ ಒರೆಸುವ ಪಾರ್ವತಮ್ಮ. ಬರುವ ಭಾನುವಾರದ ಸಭೆಯಲ್ಲಿ ಅವಳನ್ನು ಬಿಡಿಸುವುದೆಂದು ತೀರ್ಮಾನವೂ ಆಗಿತ್ತು. ಗಲಾಟೆಗೆ ಹೆದರುವ ರುದ್ರೇಶ ಮಾತ್ರ ಯಶೋಧರಾಳ ಸಂಶೋಧನಾ ತಂಡಕ್ಕೆ ಫೋನ್ ಮಾಡಿಬಿಟ್ಟಿದ್ದ.

"ಮಾಡ್ಲಿ ಬಿಡಿ," ಎಂದಿದ್ದರು ವೆಂಕಟರಾಮಯ್ಯ. "ನಾನು ಹೇಳಿದ್ದನ್ನೇ ವಿಜ್ಞಾನವೂ ಹೇಳ್ಲಿ."

ಯಶೋಧರಾ ಎದ್ದು ನಿಂತಳು.

"ನೀವು ಯಾವ ಕಡೆಯವರಮ್ಮ?"

"ಹಳ್ಳಿಮೈಸೂರು, ಸಾರ್."

"ನಾನು ಕೇಳಿದ್ದು ಊರಲ್ಲ."

"ನಾನು ಹೇಳಿದ್ದು ಊರೇ, ಸಾರ್."

ಅವರ ಮುಖ ಗಂಟಿಕ್ಕಿತು. ಸಿಟ್ಟನ್ನು ಗೋಡೆಯ ಮೇಲೆ ತೀರಿಸಿಕೊಂಡರು. "ಈ ಕಟ್ಟಡ ಕಟ್ಟಿದವನೂ ನಿಮ್ಮ ಹಾಗೇ ಓದಿದೋನೇ. ನಮ್ಮ ಮನೇಲಿ ದೇವರ ಮನೆ ಗೋಡೆಗೇ ಕಕ್ಕಸು ಅಂಟಿಸಿದ್ದಾನೆ. ಆ ಬಾಗಿಲು ನೋಡಿದರೇ ನನಗೆ ಮೈಲಿಗೆ. ಓದಿದರೆ ಬುದ್ಧಿ ಬರುತ್ತಾ?"

ಬುದ್ಧಿ ಇರುವುದು ತಮ್ಮೊಬ್ಬರಿಗೇ ಎಂಬುದು ಅವರ ಗಟ್ಟಿ ನಂಬಿಕೆ. ಕಟ್ಟಡದವರು ಏಳುವ ಮೊದಲೇ ಕೆಳಗಿಳಿದು ಪಂಪ್ ಹಾಕುವವರು ಅವರು. ಪಂಪ್ ಮನೆಯ ನಲ್ಲಿಯಲ್ಲೇ ತಣ್ಣೀರು ಸುರಿದುಕೊಂಡು, ಒದ್ದೆ ಪಂಚೆಯಲ್ಲೇ ಮೇಲೆ ಹತ್ತುವವರು. ಶನಿವಾರ ಹೆಸರುಬೇಳೆ ಕೋಸಂಬರಿಯನ್ನು ಹೆಂಡತಿ ಗೋದಮ್ಮನಿಗೂ ಮುಟ್ಟಗೊಡದೆ ತಾವೇ ಕಲೆಸಿ, ನೈವೇದ್ಯ ಮಾಡಿ, ಮನೆಮನೆಗೆ ಹಂಚುವವರು. ಮೊದಲ ಹಿಡಿ ಅನ್ವಿತಾಳಿಗೆ. ಪಾರ್ವತಮ್ಮನ ಸರದಿ ಎಂದೂ ಬಂದಿರಲಿಲ್ಲ.

ಅಷ್ಟರಲ್ಲಿ ಪಾರ್ವತಮ್ಮ ಗೇಟಿನಿಂದ ಒಳಗೆ ಬಂದಳು. ಬಿಸಿಲಲ್ಲಿ ನಡೆದು ಬೆವೆತಿದ್ದಳು.

"ನೋಡಿ, ಬಂದಳು," ಎಂದರು ಅವರು. "ದಿನಾ ಹೀಗೇ. ಕೆಲಸದ ಮಧ್ಯೆ ಮಾಯ. ಎಲ್ಲಿಗೇ ಹೋಗಿದ್ದೆ?"

"ಎಣ್ಮಕ್ಳು ಓಗ್ಬಂದ್ರೆ ಎಲ್ಲಿಗೆ ಅಂತ ಕೇಳ್ತಾರಾ ಸಾ?"

"ಬಾಯಿ ಮಾತ್ರ ಜೋರು! ಯಾವ ಕೊಳಕಲ್ಲಿ ತಿರುಗಿ ಬರ್ತಾಳೋ. ಆ ಕಾಲಲ್ಲೇ ನಮ್ಮ ಮೆಟ್ಟಿಲು ಹತ್ತುತಾಳೆ."

ಪಾರ್ವತಮ್ಮ ಪೊರಕೆ ತೆಗೆದುಕೊಂಡಳು. ಯಶೋಧರಾಳ ಪಕ್ಕ ಹಾಯುವಾಗ ತಗ್ಗಿದ ದನಿಯಲ್ಲಿ ಹೇಳಿದಳು: "ಮೇಡಂ, ಈ ಕೆಲ್ಸ ಓಯ್ತು ಅಂದ್ರೆ ನನ್ ಮಗಳ ಕಾಲೇಜು ನಿಂತೋಯ್ತದೆ. ಸರಿಯಾಗಿ ನೋಡವ್ವ."

"ಚರಂಡಿ ಸುಳ್ಳು ಹೇಳಲ್ಲಮ್ಮ," ಎಂದಳು ಯಶೋಧರಾ.

ಭಾನುವಾರ ಎಲ್ಲರೂ ಕಾರು ನಿಲ್ಲಿಸುವ ಜಾಗದಲ್ಲಿ ಕುರ್ಚಿ ಹಾಕಿಕೊಂಡು ಕೂತರು. ಪಾರ್ವತಮ್ಮ ಕಂಬದ ಪಕ್ಕ ನಿಂತಳು. ಅವಳಿಗೆ ಯಾರೂ ಕುರ್ಚಿ ಕೊಡಲಿಲ್ಲ. ಕೊಡಬೇಕೆಂದು ಯಾರಿಗೂ ಹೊಳೆಯಲೂ ಇಲ್ಲ.

"ಜ್ವರ ಬಂದವರು ಗುಣವಾಗಿದ್ದಾರೆ, ಇಲ್ಲವೇ ಆಸ್ಪತ್ರೆಯಲ್ಲಿದ್ದಾರೆ," ಎಂದಳು ಯಶೋಧರಾ. "ಈಗ ಇಲ್ಲಿ ಸಿಗುವ ರೋಗಾಣು ಕಾಯಿಲೆಯೇ ಕಾಣಿಸದ ಒಬ್ಬರದು. ಅವರು ಆರೋಗ್ಯವಾಗೇ ಇರ್ತಾರೆ. ಅವರ ಕೈಯಿಂದ ಬೇರೆಯವರಿಗೆ ಹತ್ತುತ್ತೆ. ಔಷಧಿ ಇದೆ, ಗಾಬರಿ ಬೇಡ."

"ಕಾಯಿಲೆ ಕಾಣಿಸದ ದೇಹ ಯಾರದಪ್ಪ?" ವೆಂಕಟರಾಮಯ್ಯ ಕಂಬದ ಕಡೆ ನೋಡಿದರು. "ಕಲ್ಲು ತಿಂದು ಕರಗಿಸೋರದ್ದು."

ಕೆಲವರು ನಕ್ಕರು.

"ಮನೆಗಳ ಪೈಪಿನಲ್ಲಿ ಎಲ್ಲೂ ಸಿಗಲಿಲ್ಲ. ಸಿಕ್ಕಿದ್ದು ಒಂದೇ ಕಡೆ. ಪಂಪ್ ಮನೆ ಪಕ್ಕದ ಶೌಚಾಲಯದ ಪೈಪಿನಲ್ಲಿ."

ಎಲ್ಲರೂ ಅತ್ತ ತಿರುಗಿದರು. ಹಸಿರು ಬಾಗಿಲು. ಅದರ ಮೇಲೆ ಅಧ್ಯಕ್ಷರೇ ಬರೆಸಿದ್ದ ದಪ್ಪ ಅಕ್ಷರಗಳು: ಕೆಲಸದವರಿಗೆ ಮಾತ್ರ.

"ಆಯ್ತಲ್ಲ!" ವೆಂಕಟರಾಮಯ್ಯ ತೊಡೆ ತಟ್ಟಿ ಎದ್ದರು. "ನಾನು ಬಾಯಲ್ಲಿ ಹೇಳಿದರೆ ಜಾತಿ ಅಂತೀರಿ, ಮಡಿ ಅಂತೀರಿ. ಈಗ ಇವರದೇ ಲ್ಯಾಬು ಹೇಳ್ತಿದೆ. ರುದ್ರೇಶ, ಬರ್ಕೊಳ್ಳಯ್ಯ. ಇವತ್ತಿಂದ ಇವಳು ಗೇಟಿನೊಳಗೆ ಕಾಲಿಡಕೂಡದು."

ರುದ್ರೇಶ ಪೆನ್ನು ತೆಗೆದ. ಪಾರ್ವತಮ್ಮ ನೆಲ ನೋಡುತ್ತಿದ್ದಳು.

"ಒಂದು ನಿಮಿಷ," ಎಂದಳು ಯಶೋಧರಾ. "ಒಳಗಿನ ನಲ್ಲಿಯದೂ ಒಂದು ಸ್ಯಾಂಪಲ್ ಬೇಕು. ಯಾರಾದರೂ ಬಾಗಿಲು ತೆಗೀತೀರಾ?"

ವೆಂಕಟರಾಮಯ್ಯ ಗೆದ್ದ ಗುಂಗಿನಲ್ಲಿದ್ದರು. "ಏಯ್, ಕಂಬ ಕಾಯ್ತಿದೀಯಾ? ಹೋಗಿ ತೆಗಿಯೇ!"

ಪಾರ್ವತಮ್ಮ ತಲೆಯೆತ್ತಿದಳು.

"ನಾನೆಂಗೆ ತಗೀಲಿ ಸಾ? ಕೆಲ್ಸದೋರು ಗಲೀಜು ಮಾಡ್ತಾರೆ ಅಂತ ನೀವು ಬೀಗ ಜಡಿದ ದಿನದಿಂದ ನಾವು ಬಸ್ ಸ್ಟ್ಯಾಂಡಿಗಲ್ವಾ ಓಗ್ಬರೋದು?"

ವೆಂಕಟರಾಮಯ್ಯನವರ ಅಂಗೈ, ಯಾರೂ ಕೇಳುವ ಮೊದಲೇ, ಜನಿವಾರದ ಬೀಗದಕೈಯನ್ನು ಮುಚ್ಚಿಕೊಂಡಿತು.