ಮೂರು ಸಲ ಇಳಿದ ಗೇರ್‌ಬಾಕ್ಸ್

"ಮೂರು ಬೀದಿ ಆಚೆ ಒಂದು ಹನಿ ಎಣ್ಣೆ ಬೀಳಲಿ, ಎಷ್ಟನೇ ಗೇರಿನದು ಅಂತ ಹಾಸಿಗೆಯಲ್ಲಿ ಮಲಗಿದ್ದಲ್ಲೇ ಮೂಸಿ ಹೇಳ್ತೀನಿ," ಎಂದು ಮೇಸ್ತ್ರಿ ಕಾರಿನ ಕೆಳಗಿನಿಂದಲೇ ಘೋಷಿಸಿದ.

ಅವನ ಮಾತನ್ನು ಕಾರು ಮಾತ್ರ ನಂಬಲಿಲ್ಲ. ಗೇರ್‌ಬಾಕ್ಸ್ ಮೂರು ಸಲ ಇಳಿದು ಮೂರು ಸಲ ಏರಿತ್ತು. ಎಣ್ಣೆ ಸೋರದಂತೆ ತಡೆಯುವ ಹಿಂದಿನ ಸೀಲು, ಮುಂದಿನ ಸೀಲು, ಪ್ಯಾಕಿಂಗುಗಳು, ಎಲ್ಲವೂ ಹೊಸವು. ಆದರೂ ಇಂಜಿನ್ ಚಾಲೂ ಮಾಡಿ ಐದು ನಿಮಿಷ ಕಳೆಯುವಷ್ಟರಲ್ಲಿ ಶೆಡ್ಡಿನ ನೆಲದ ಮೇಲೆ ಟಪ್ ಎಂದು ಒಂದು ಹನಿ ಬೀಳುತ್ತಿತ್ತು.

ಬಾಗಿಲ ಬಳಿ ಊಟದ ಡಬ್ಬಿ ಹಿಡಿದು ನಿಂತಿದ್ದ ಮೇಸ್ತ್ರಿಯ ಹೆಂಡತಿ ಆ ಹನಿಯನ್ನೇ ನೋಡುತ್ತಿದ್ದಳು. ಡಬ್ಬಿ ಒಂದು ನೆಪ. ಅವಳು ಬಂದದ್ದು ಕಾರಿನ ಒಡತಿಯನ್ನು ನೋಡಲು.

ಒಡತಿ ವಕೀಲೆ. ಒಂಟಿ ಹೆಂಗಸು, ನಗುಮುಖ, ಮೈತುಂಬ ಸೆಂಟು. ಅಪ್ಪ ಬಿಟ್ಟುಹೋದ ಈ ಹಳೇ ಕಾರನ್ನು ಅವಳು ಭಾನುವಾರ ಬೀದಿಯ ಕೊನೆಯವರೆಗೆ ಓಡಿಸಿ ತಂದು ನಿಲ್ಲಿಸುತ್ತಾಳೆ, ಅಷ್ಟೆ. ಇಂಜಿನ್ನಿಗೆ ಹಾಕಿದ ಎಣ್ಣೆ ಕಪ್ಪಾಗುವಷ್ಟೂ ಅದು ಓಡುವುದಿಲ್ಲ. ಅಂಥ ಕಾರಿಗೆ ಎರಡು ತಿಂಗಳಿಂದ ಅವಳ ಮನೆಯ ಈ ಶೆಡ್ಡಿನಲ್ಲೇ ಮೇಸ್ತ್ರಿಯ ಸೇವೆ ನಡೆದಿತ್ತು.

ಐದು ತಿಂಗಳ ಹಿಂದೆ ಜ್ವರದಲ್ಲಿ ಒಂದು ವಾರ ಮಲಗಿ ಎದ್ದಾಗಿನಿಂದಲೇ ಗಂಡ ಬೇರೆಯವನಾಗಿದ್ದ. ಮೊದಲು ತುತ್ತಿಗೊಂದು ತಪ್ಪು ಹುಡುಕಿ ಇಡೀ ವಠಾರಕ್ಕೆ ಕೇಳುವಂತೆ ಸಾರುತ್ತಿದ್ದವನು ಈಗ ತಲೆ ಬಗ್ಗಿಸಿ ಉಂಡು ಏಳುತ್ತಿದ್ದ. ಒಂದು ದಿನ ಅನ್ನ ತಳ ಹಿಡಿದಿತ್ತು. ಹೆಂಡತಿ ಬೇಕೆಂದೇ ಬಡಿಸಿದಳು. ಅದನ್ನೂ ಉಂಡ. ಹೋದ ವಾರವಂತೂ ಅಂಗಿತುಂಬ ಆ ಸೆಂಟು ಹೊತ್ತು, ನಾಚಿಕೆಯಿಲ್ಲದೆ ಹೆಂಡತಿಯ ಪಕ್ಕದಲ್ಲೇ ಬಂದು ಕೂತ. ಕೇಳಿದ್ದಕ್ಕೆ, ಕಾರಿನ ಸೀಟಿನ ಮೇಲೆ ಸೆಂಟಿನ ಬಾಟಲಿ ಚೆಲ್ಲಿತ್ತೇನೋ ಎಂದ. ಏನೋ, ಅಂತೆ.

ಅವಳು ಅಳಲಿಲ್ಲ. ಒಳಗೆಲ್ಲ ಮರಗಟ್ಟಿದಂತಿತ್ತು. ಬೆಳಿಗ್ಗೆ ನಾಲ್ಕು ಸೀರೆ ಮಡಚಿ ಚೀಲಕ್ಕೆ ತುಂಬಿದಾಗಲೂ ಏನೂ ಅನಿಸಲಿಲ್ಲ. ಅನುಮಾನ ನಿಜವಾದರೆ ಸಂಜೆಯ ಬಸ್ಸಿಗೆ ತಂಗಿಯ ಮನೆ. ಆಮೇಲೆ ತಿರುಗಿ ಬರುವುದಿಲ್ಲ.

ಮನೆಯೊಳಗಿನಿಂದ ವಕೀಲೆ ಬಂದಳು. "ಮೇಸ್ತ್ರಿ, ನನ್ನ ಕೇಸುಗಳೇ ನಿಮ್ಮ ರಿಪೇರಿಗಿಂತ ಬೇಗ ಮುಗೀತವೆ."

"ಒಳ್ಳೆ ಕೆಲಸಕ್ಕೆ ಸಮಯ ಬೇಕಮ್ಮ. ಎಣ್ಣೆಗೆ ಅಳತೆಕಡ್ಡಿ ಹಾಕಿ ನೋಡೋದು ಮೂಗಿಲ್ಲದವರು," ಎಂದ ಮೇಸ್ತ್ರಿ, ಮೈಕೊಡವಿ ಏಳುತ್ತ.

ಹೆಂಡತಿ ಡಬ್ಬಿ ಕೆಳಗಿಟ್ಟು, ಬಗ್ಗಿ, ಆ ಹನಿಯನ್ನು ತೋರುಬೆರಳಿಗೆ ಒತ್ತಿಕೊಂಡು ಮೂಸಿದಳು.

ಇಪ್ಪತ್ತೆರಡು ವರ್ಷ ಅವನ ಬಟ್ಟೆ ಒಗೆದವಳು ಅವಳು. ಗೇರ್ ಎಣ್ಣೆ ಕೊಳೆತ ಮೊಟ್ಟೆಯಂತೆ ನಾರುತ್ತದೆ, ಮೂರು ನೀರಿಗೂ ಬಿಡುವುದಿಲ್ಲ. ಈ ಹನಿಗೆ ಆ ನಾತವೇ ಇರಲಿಲ್ಲ. ಇದು ಇಂಜಿನ್ ಎಣ್ಣೆ. ತಲೆಯೆತ್ತಿ ನೋಡಿದಳು: ಇಂಜಿನ್ನಿನ ಮೇಲ್ಮುಚ್ಚಳದ ಹಿಂಬದಿಯಿಂದ ಸಣ್ಣ ಒದ್ದೆಗೆರೆಯೊಂದು ಇಳಿದು, ಗೇರ್‌ಬಾಕ್ಸಿನ ಹೊಟ್ಟೆಯವರೆಗೆ ಹರಿದು ತೊಟ್ಟಿಕ್ಕುತ್ತಿತ್ತು. ಒಂದು ಪ್ಯಾಕಿಂಗ್ ಬದಲಿಸಿದರೆ ಮುಗಿಯಿತು, ಅರ್ಧ ಗಂಟೆಯ ಕೆಲಸ.

ಊರಿಗೇ ದೊಡ್ಡ ಮೂಗಿನವನಿಗೆ ಇದು ತಿಳಿಯಲಿಲ್ಲವೇ? ತಿಳಿದೂ ಎರಡು ತಿಂಗಳು ಇಲ್ಲೇ ಬಿದ್ದಿದ್ದಾನೆ ಎಂದರೆ, ಇನ್ನು ಕೇಳುವುದೇನು?

ಪಕ್ಕದಲ್ಲಿದ್ದ ಗೇರ್ ಎಣ್ಣೆಯ ಡಬ್ಬಕ್ಕೆ ಅವಳು ಇನ್ನೊಂದು ಕೈಯ ಬೆರಳು ಅದ್ದಿದಳು. ಎರಡೂ ಬೆರಳನ್ನು ಗಂಡನ ಮುಖದ ಮುಂದೆ ಹಿಡಿದಳು.

"ರೀ, ಒಂದು ಇಂಜಿನ್‌ದು, ಒಂದು ಗೇರಿನದು. ಯಾವುದು ಯಾವುದು ಅಂತ ಇವರ ಮುಂದೆ ಹೇಳಿಬಿಡಿ. ನಾನು ಹೊರಡ್ತೀನಿ."

"ಎಲ್ಲಿಗೆ?"

"ಮೊದಲು ಹೇಳಿ."

ಮೇಸ್ತ್ರಿ ಕಣ್ಣು ಮುಚ್ಚಿ, ಎದೆಯುಬ್ಬಿಸಿ, ಒಂದು ಬೆರಳು ಮೂಸಿದ. ಇನ್ನೊಂದನ್ನು ಮೂಸಿದ. ಮತ್ತೆ ಮೊದಲನೆಯದಕ್ಕೆ ಬಂದ. ಅವನ ಹಣೆಯಲ್ಲಿ ಬೆವರೊಡೆಯಿತು. ಕೊನೆಗೆ ಹೆಂಡತಿಯ ಮುಖ ನೋಡುತ್ತ, ನೆಲದ ಹನಿ ಅಂಟಿದ್ದ ಬೆರಳನ್ನೇ ಮುಟ್ಟಿ, "ಇದು ಗೇರಿನದು," ಎಂದ.

ನಾಲ್ಕು ಮಾರು ದೂರದಲ್ಲಿ ನಿಂತಿದ್ದ ವಕೀಲೆ ಮೂಗಿಗೆ ಕರವಸ್ತ್ರ ಒತ್ತಿಕೊಂಡು, "ಅಲ್ಲ ಮೇಸ್ತ್ರಿ, ಆ ಇನ್ನೊಂದು ಕೈ ಇಲ್ಲಿವರೆಗೂ ನಾರ್ತಿದೆಯಲ್ಲ," ಎಂದಳು.

ಮೇಸ್ತ್ರಿ ಮೆಲ್ಲನೆ ನೆಲದ ಮೇಲೆ ಕುಸಿದು ಕೂತ.

"ಆ ಜ್ವರಕ್ಕೇ ಮೂಗು ಸತ್ತುಹೋಯ್ತು ಕಣೆ," ಎಂದ. "ಊರವರ ಹತ್ತಿರ ಬಾಯಿಗೆ ಬಂದ ಸುಳ್ಳು ಹೇಳ್ಕೊಂಡು ಬಂದೆ; ನಿನ್ನ ಅಡುಗೆ ಮುಂದೆ ಕೂತಾಗ ಮಾತ್ರ ಒಂದು ಸುಳ್ಳೂ ಬರಲಿಲ್ಲ, ಅದಕ್ಕೇ ಸುಮ್ಮನೆ ಉಂಡೆ."